ಪಟ್ಟಾಭಿಷೇಕದ ನಂತರವೂ ಕಥೆಯಿದೆ

1988ರ ಜುಲೈ 31, ಭಾನುವಾರ. ರಾಮಾನಂದ ಸಾಗರರ ‘ರಾಮಾಯಣ’ ಧಾರಾವಾಹಿಯ 78ನೆಯ ಕಂತು ದೂರದರ್ಶನದಲ್ಲಿ ಬಿತ್ತರವಾಯಿತು. ರಾಮ ಸಿಂಹಾಸನವೇರಿದ, ಅಯೋಧ್ಯೆಗೆ ಅಯೋಧ್ಯೆಯೇ ಸಂಭ್ರಮಿಸಿತು, ಧಾರಾವಾಹಿ ಮುಗಿಯಿತು. ಪಟ್ಟಾಭಿಷೇಕಕ್ಕಿಂತ ಮಂಗಳಕರವಾದ ಮುಕ್ತಾಯ ಇನ್ನೇನಿದ್ದೀತು? ದೇಶದ ಬಹುಪಾಲು ಮನೆಗಳಲ್ಲಿ ಜನ ಕೈಮುಗಿದು ಎದ್ದರು, ಮುಂದಿನ ಭಾನುವಾರ ಏನು ಮಾಡುವುದೆಂದು ಪೇಚಾಡಿದರು. ಪಂಜಾಬಿನ ಜಲಂಧರದ ಪೌರಕಾರ್ಮಿಕರು ಮಾತ್ರ ಈ ಮುಕ್ತಾಯವನ್ನು ಒಪ್ಪಲಿಲ್ಲ. ಧಾರಾವಾಹಿ ಇಲ್ಲಿಗೇ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತಿದ್ದಂತೆ ಅವರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಉತ್ತರಕಾಂಡವನ್ನೂ ತೋರಿಸಬೇಕು ಎಂಬುದು ಅವರ ಬೇಡಿಕೆಯಾಗಿತ್ತು.

ಮುಷ್ಕರ ಜಲಂಧರದಲ್ಲೇ ನಿಲ್ಲಲಿಲ್ಲ. ಉತ್ತರ ಭಾರತದ ಹಲವು ದೊಡ್ಡ ನಗರಗಳಿಗೆ ಹಬ್ಬಿತು. ಮಳೆಗಾಲದ ದಿನಗಳು ಬೇರೆ. ಕಸ ಕೊಳೆಯತೊಡಗಿದರೆ ರೋಗ ಹರಡೀತೆಂಬ ಭಯ ಆಡಳಿತಕ್ಕೆ ಹತ್ತಿತು. ಸರ್ಕಾರ ಕೊನೆಗೆ ಮಣಿದು, ಮುಂದಿನ ಕಂತುಗಳನ್ನು ಮಾಡಿಸಲು ಒಪ್ಪಿತು. ಹಾಗೆ ಬಂದದ್ದು ‘ಲವ ಕುಶ’ ಅಥವಾ ‘ಉತ್ತರ ರಾಮಾಯಣ’ ಎಂದು ನಾವೆಲ್ಲ ನೋಡಿದ ಎರಡನೆಯ ಸರಣಿ.

ಕಿರುತೆರೆಯ ಕ್ವಿಜ್ ಪುಸ್ತಕಗಳಲ್ಲಿ, ಹಳೆಯ ಧಾರಾವಾಹಿಗಳ ನೆನಪಿನ ಬರಹಗಳಲ್ಲಿ ಈ ಪ್ರಸಂಗ ಒಂದು ಸ್ವಾರಸ್ಯವಾಗಿ ಬಂದು ಹೋಗುತ್ತದೆ. ‘ನೋಡಿ, ಸೀರಿಯಲ್ ಹುಚ್ಚು ಅಂದರೆ ಹೀಗಿತ್ತು’ ಎಂದು ಒಂದು ವಾಕ್ಯ ಬರೆದು ಮುಂದಕ್ಕೆ ಹೋಗುತ್ತಾರೆ. ನನಗೆ ಅದನ್ನು ಹುಚ್ಚು ಎನ್ನಲು ಮನಸ್ಸು ಬಾರದು. ಒಂದು ಧಾರಾವಾಹಿಯ ಕೊನೆಯ ಕಂತಿಗೆ ನೋಡುಗರು ತೋರಿದ ಪ್ರತಿಕ್ರಿಯೆಗಳಲ್ಲಿ ಇಷ್ಟು ಗಂಭೀರವಾದ ಇನ್ನೊಂದನ್ನು ನಾನು ಕಂಡಿಲ್ಲ. ಅದನ್ನು ಗಂಭೀರವಾಗಿಯೇ ನೋಡಬೇಕು.

ಆ ಭಾನುವಾರಗಳು ಹೇಗಿದ್ದವು ಎಂಬುದನ್ನು ಇವತ್ತಿನ ಮಕ್ಕಳಿಗೆ ವಿವರಿಸುವುದು ಕಷ್ಟ. 1987ರ ಜನವರಿ 25ರಂದು ಶುರುವಾದಾಗ ‘ರಾಮಾಯಣ’ಕ್ಕೆ ಮಂಜೂರಾಗಿದ್ದದ್ದು 52 ಕಂತು. ಜನರ ಒತ್ತಾಯಕ್ಕೆ ಅದು 78ಕ್ಕೆ ಬೆಳೆಯಿತು. ಕೊನೆಕೊನೆಗೆ ಎಂಟರಿಂದ ಹತ್ತು ಕೋಟಿ ಜನ ನೋಡುತ್ತಿದ್ದರು ಎಂಬ ಅಂದಾಜಿದೆ. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಕೇರಿಗೊಂದು ಟಿವಿ ಇದ್ದ ಕಾಲ ಅದು. ಟಿವಿ ಇದ್ದ ಮನೆಯವರು ಬೆಳಿಗ್ಗೆ ಎದ್ದು ಹಜಾರ ಸಾರಿಸಿ, ಚಾಪೆ ಹಾಸಿ, ಟಿವಿಯ ಮರದ ಬಾಗಿಲು ಸರಿಸಿ, ಅದಕ್ಕೊಂದು ಹೂವು ಮುಡಿಸಿ, ಊದುಬತ್ತಿ ಹಚ್ಚಿ ಕಾಯುತ್ತಿದ್ದರು. ಒಬ್ಬ ಹುಡುಗ ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸುತ್ತಿದ್ದ. ‘ಬಂತಾ?’ ‘ಬಂತು, ಬಂತು... ಹೋಯ್ತು!’ ಎಂಬ ಕೂಗು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡುತ್ತಿತ್ತು. ಹಿಂದಿಯ ಒಂದು ಪದವೂ ಬಾರದ ಅಜ್ಜಿಯರು ಮುಂದಿನ ಸಾಲಿನಲ್ಲಿ ಕೂತು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಕಥೆ ಅವರಿಗೆ ಮೊದಲೇ ಗೊತ್ತಿತ್ತು, ಭಾಷೆ ಅಡ್ಡ ಬರಲಿಲ್ಲ. ಕರೆಂಟು ಕೈಕೊಟ್ಟ ಕಡೆ ಜನ ವಿದ್ಯುತ್ ಕಚೇರಿಗಳಿಗೆ ನುಗ್ಗಿದ ಸುದ್ದಿಗಳು ಆಗ ಪತ್ರಿಕೆಗಳಲ್ಲಿ ಬರುತ್ತಿದ್ದವು.

ಆದರೆ ಆ ಹಜಾರದೊಳಗೆ ಎಲ್ಲರೂ ಇರಲಿಲ್ಲ. ಯಾರು ಚಾಪೆಯ ಮೇಲೆ, ಯಾರು ಜಗಲಿಯ ಮೇಲೆ, ಯಾರು ಕಿಟಕಿಯ ಸರಳು ಹಿಡಿದು ಹೊರಗೆ ಎಂಬ ಲೆಕ್ಕಾಚಾರ ರಾಮಾಯಣ ನೋಡುವಾಗಲೂ ತಪ್ಪಲಿಲ್ಲ. ಇಡೀ ದೇಶ ಒಟ್ಟಾಗಿ ಕೂತು ನೋಡಿತು ಎಂದು ನಾವು ಸಲೀಸಾಗಿ ಬರೆಯುವ ಮಾತಿನ ಒಳಗೆ ಈ ದೂರಗಳೂ ಇವೆ. ಜಲಂಧರದ ಮುಷ್ಕರ ಅರ್ಥವಾಗಬೇಕಾದರೆ ಅವನ್ನು ಮರೆಯಬಾರದು.

ಮುಷ್ಕರ ಹೂಡಿದ ಪೌರಕಾರ್ಮಿಕರಲ್ಲಿ ಹೆಚ್ಚಿನವರು ವಾಲ್ಮೀಕಿ ಸಮುದಾಯದವರು. ನಮ್ಮ ಓದುಗರಿಗಾಗಿ ಇಲ್ಲೊಂದು ಸ್ಪಷ್ಟನೆ ಬೇಕು. ಕರ್ನಾಟಕದಲ್ಲಿ ವಾಲ್ಮೀಕಿ ಎಂದರೆ ನಾಯಕ ಸಮುದಾಯ ನೆನಪಾಗುತ್ತದೆ. ಹರಿಹರದ ಬಳಿಯ ರಾಜನಹಳ್ಳಿಯ ಗುರುಪೀಠ ಕಣ್ಣೆದುರು ಬರುತ್ತದೆ. ಪಂಜಾಬ್, ದೆಹಲಿ, ಉತ್ತರಪ್ರದೇಶಗಳ ವಾಲ್ಮೀಕಿಗಳು ಬೇರೆ. ಅವರು ಪರಿಶಿಷ್ಟ ಜಾತಿಗೆ ಸೇರಿದವರು. ತಲೆತಲಾಂತರದಿಂದ ಬೀದಿ ಗುಡಿಸುವ, ಪಾಯಿಖಾನೆ ಬಳಿಯುವ ಕೆಲಸವನ್ನು ಅವರ ಮೇಲೆ ಹೇರಲಾಗಿತ್ತು. ಬೈಗುಳದಂತೆ ಬಳಕೆಯಾಗುತ್ತಿದ್ದ ಹಳೆಯ ಜಾತಿಹೆಸರನ್ನು ಬಿಟ್ಟು, ಹಿಂದಿನ ಶತಮಾನದ ಮೊದಲ ದಶಕಗಳ ಹೊತ್ತಿಗೆ ಅವರು ಆದಿಕವಿಯ ಹೆಸರನ್ನೇ ತಮ್ಮದಾಗಿಸಿಕೊಂಡರು. ಅವರಲ್ಲಿ ಬಹಳ ಜನರಿಗೆ ವಾಲ್ಮೀಕಿ ಬರೀ ಕವಿಯಲ್ಲ. ಭಗವಾನ್ ವಾಲ್ಮೀಕಿ, ಗುರು, ಕುಲದ ಹಿರಿಯ. ಅಮೃತಸರದಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರದ ರಾಮತೀರ್ಥದಲ್ಲಿ ಅವರ ಪಾಲಿನ ಪವಿತ್ರ ಕ್ಷೇತ್ರವಿದೆ. ವಾಲ್ಮೀಕಿಯ ಆಶ್ರಮ ಇದ್ದದ್ದು ಅಲ್ಲೇ, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಎಂಬುದು ನಂಬಿಕೆ. ಲಾಹೋರ್ ಲವನ ಊರು, ಕಸೂರ್ ಕುಶನ ಊರು ಎಂಬ ಐತಿಹ್ಯವೂ ಆ ಸೀಮೆಯಲ್ಲಿ ಹಳೆಯದು. ಅಂದರೆ ಉತ್ತರಕಾಂಡ ಅವರಿಗೆ ದೂರದ ಅಯೋಧ್ಯೆಯ ಕಥೆ ಆಗಿರಲಿಲ್ಲ, ತಮ್ಮದೇ ನೆಲದಲ್ಲಿ ನಡೆದದ್ದು ಆಗಿತ್ತು.

ಈಗ ಅವರ ಕಣ್ಣಿನಿಂದ ಆ ಕೊನೆಯ ಕಂತನ್ನು ನೋಡಿ. ಒಂದೂವರೆ ವರ್ಷ ಕಾದಿದ್ದಾರೆ. ವಸಿಷ್ಠರು ಬಂದರು, ವಿಶ್ವಾಮಿತ್ರರು ಬಂದರು, ಅಗಸ್ತ್ಯರು ಬಂದರು. ಈ ಎಲ್ಲರ ಕಥೆಯನ್ನು ಬರೆದವನ ನಿಜವಾದ ಸರದಿ ಮಾತ್ರ ಬರಲಿಲ್ಲ. ಪಟ್ಟಾಭಿಷೇಕಕ್ಕೆ ತೆರೆ ಎಳೆದರೆ ಅದು ಬರುವುದೂ ಇಲ್ಲ.

ವಾಲ್ಮೀಕಿ ಕಥೆಯ ಒಳಕ್ಕೆ ಕಾಲಿಟ್ಟು ಕಥೆಯನ್ನೇ ತಿರುಗಿಸುವುದು ಉತ್ತರಕಾಂಡದಲ್ಲಿ. ಗಂಡ ಕಾಡಿಗೆ ಬಿಡಿಸಿದ ತುಂಬು ಗರ್ಭಿಣಿಯನ್ನು ಆಶ್ರಮಕ್ಕೆ ಕರೆದುಕೊಳ್ಳುವವನು ಅವನು. ರಾಜಕುಮಾರರನ್ನು ಸಾಕಿ, ಓದಿಸಿ, ರಾಮಾಯಣ ಹಾಡಲು ಕಲಿಸುವವನು ಅವನು. ಅಶ್ವಮೇಧದ ಹೊತ್ತಿಗೆ ಆ ಮಕ್ಕಳನ್ನು ರಾಜನ ಮುಂದೆಯೇ ಹಾಡಿಸುತ್ತಾನೆ. ಆಮೇಲೆ, ಋಷಿಗಳೂ ರಾಜರೂ ಪ್ರಜೆಗಳೂ ನೆರೆದ ಸಭೆಯಲ್ಲಿ ಸೀತೆಯನ್ನು ಹಿಂದಿಟ್ಟುಕೊಂಡು ನಡೆದು ಬಂದು ರಾಮನಿಗೆ ನೇರವಾಗಿ ಹೇಳುತ್ತಾನೆ: ತಾನು ಪ್ರಚೇತಸನ ಹತ್ತನೆಯ ಮಗ, ಸುಳ್ಳಾಡಿದ ನೆನಪು ತನಗಿಲ್ಲ, ಈಕೆಯಲ್ಲಿ ದೋಷವಿದ್ದರೆ ಸಾವಿರಾರು ವರ್ಷ ಮಾಡಿದ ತನ್ನ ತಪಸ್ಸಿನ ಫಲ ತನಗೆ ದಕ್ಕದೆ ಹೋಗಲಿ. ಕವಿಯೊಬ್ಬ ತನ್ನ ಕಾವ್ಯದೊಳಗೆ ಬಂದು, ತನ್ನ ನಾಯಕನ ಎದುರು ನಿಂತು, ಅನ್ಯಾಯಕ್ಕೊಳಗಾದ ಹೆಣ್ಣಿನ ಪರವಾಗಿ ತನ್ನ ಬದುಕಿನ ಗಳಿಕೆಯನ್ನೆಲ್ಲ ಪಣಕ್ಕಿಡುತ್ತಾನೆ. ಇಂಥ ಇನ್ನೊಂದು ಕ್ಷಣ ಯಾವ ಭಾಷೆಯ ಮಹಾಕಾವ್ಯದಲ್ಲಿದೆ ಎಂದು ಕೇಳಿದರೆ ನನಗೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ.

ಬೆಳಗಾಗುವ ಮುಂಚೆ ಪರರ ಬೀದಿ ಗುಡಿಸಿ, ಮನೆಯ ಹಿಂಬಾಗಿಲಿನಿಂದಷ್ಟೇ ಕರೆಸಿಕೊಂಡು, ಲೋಟವನ್ನೂ ಬೇರೆ ಇಡಿಸಿಕೊಳ್ಳುತ್ತಿದ್ದ ಜನ ಅವರು. ತಮ್ಮ ಹಿರಿಯ ರಾಜಸಭೆಯಲ್ಲಿ ತಲೆಯೆತ್ತಿ ನಿಂತು ಮಾತಾಡುವುದನ್ನು, ರಾಜ ತಲೆಬಾಗಿ ಕೇಳುವುದನ್ನು ಇಡೀ ದೇಶದ ಜೊತೆಗೆ ನೋಡಬೇಕೆಂದು ಅವರು ಬಯಸಿದರು. ಅದೇ ದೃಶ್ಯ ಕತ್ತರಿಗೆ ಸಿಕ್ಕಿತ್ತು.

ಸಾಗರರ ಕಡೆಯ ನ್ಯಾಯವನ್ನೂ ಹೇಳಬೇಕು. ಅವರ ಧಾರಾವಾಹಿಗೆ ಮುಖ್ಯ ಆಧಾರ ವಾಲ್ಮೀಕಿ ರಾಮಾಯಣದ ಜೊತೆಗೆ ತುಲಸೀದಾಸರ ‘ರಾಮಚರಿತಮಾನಸ’. ತುಲಸಿ ಸೀತಾಪರಿತ್ಯಾಗವನ್ನು ವಿಸ್ತರಿಸಲು ಹೋಗಿಲ್ಲ. ಕಥೆಯನ್ನು ಪಟ್ಟಾಭಿಷೇಕಕ್ಕೆ ನಿಲ್ಲಿಸುವ ಪದ್ಧತಿ ನಮ್ಮಲ್ಲೂ ಇದೆ. ಕುಮಾರವಾಲ್ಮೀಕಿಯ ತೊರವೆ ರಾಮಾಯಣ ಯುದ್ಧಕಾಂಡಕ್ಕೆ ಮುಗಿಯುತ್ತದೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೂಡ ಅಭಿಷೇಕದ ದರ್ಶನದಲ್ಲೇ ಪೂರ್ಣವಾಗುತ್ತದೆ. ಅಲ್ಲಿ ಅಗ್ನಿಪರೀಕ್ಷೆಯ ಹೊತ್ತಿಗೆ ರಾಮನೂ ಬೆಂಕಿಗೆ ಇಳಿಯುತ್ತಾನೆ, ಹಾಗಾಗಿ ಮುಂದಿನ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ. ಸಂಸ್ಕೃತ ನಾಟಕಕಾರ ಭವಭೂತಿಗೂ ಉತ್ತರಕಾಂಡದ ಕೊನೆ ಸಹ್ಯವಾಗಲಿಲ್ಲ. ಸೀತೆ ಭೂಮಿಗೆ ಸೇರುವುದನ್ನು ಬಿಟ್ಟು, ಗಂಡಹೆಂಡಿರನ್ನು ಒಂದುಗೂಡಿಸಿ ‘ಉತ್ತರರಾಮಚರಿತ’ವನ್ನು ಮುಗಿಸಿದ. ರಾಮನನ್ನು ಪ್ರೀತಿಸುವ ಯಾರಿಗಾದರೂ ಆ ಕಾಂಡ ಕೈ ಸುಡುವ ಕೆಂಡ. ಅಲ್ಲಿ ಸೀತೆಗಾದ ಅನ್ಯಾಯವಿದೆ, ತಪಸ್ಸಿಗೆ ಕೂತ ಶೂದ್ರ ಶಂಬೂಕನ ವಧೆಯಿದೆ. ಭಾನುವಾರ ಬೆಳಿಗ್ಗೆ ಊದುಬತ್ತಿ ಹಚ್ಚಿಕೊಂಡು ಕೂತ ಕೋಟ್ಯಂತರ ಜನರಿಗೆ ಅದನ್ನು ತೋರಿಸುವುದು ಹೇಗೆ ಎಂದು ಒಬ್ಬ ಭಕ್ತ ನಿರ್ಮಾಪಕ ಹಿಂಜರಿದಿದ್ದರೆ ಅದು ತಿಳಿಯದ ಸಂಗತಿಯೇನಲ್ಲ.

ಆದರೂ ಉತ್ತರಕಾಂಡವನ್ನು ಕೇಳಿ ಪಡೆಯುವ ಪರಂಪರೆ ಕೂಡ ಅಷ್ಟೇ ಬಲವಾದದ್ದು. ಮುದ್ದಣನ ‘ಶ್ರೀರಾಮಾಶ್ವಮೇಧಂ’ ಹುಟ್ಟುವುದೇ ಹಾಗೆ. ಮಳೆಗಾಲದ ಸಂಜೆ ಮನೋರಮೆ ಒಳ್ಳೆಯ ಕಥೆ ಹೇಳೆಂದು ಗಂಡನನ್ನು ಪೀಡಿಸುತ್ತಾಳೆ. ಅವನು ಯಾವ ಕಥೆಯ ಹೆಸರು ಹೇಳಿದರೂ ಒಪ್ಪುವವಳಲ್ಲ. ಪಟ್ಟಾಭಿಷೇಕದ ಆಚೆಯ ಕಥೆಗೇ ಕೊನೆಗೆ ಅವಳ ಮನಸ್ಸು ನಿಲ್ಲುತ್ತದೆ. ಹೇಳುವಾಗಲೂ ಸುಮ್ಮನಿರದೆ ನಡುನಡುವೆ ಬಾಯಿ ಹಾಕುತ್ತಾಳೆ, ಆಕ್ಷೇಪಿಸುತ್ತಾಳೆ, ಮರುಗುತ್ತಾಳೆ. ಧಾರಾವಾಹಿ ನೋಡುವ ನಮ್ಮ ಹೆಣ್ಣುಮಕ್ಕಳನ್ನು ಹಗುರವಾಗಿ ಆಡಿಕೊಳ್ಳುವವರು ಮನೋರಮೆಯನ್ನು ಒಮ್ಮೆ ಓದಬೇಕು. ಕೇಳುವವಳ ಹಠವಿಲ್ಲದೆ ಕನ್ನಡದ ಆ ಚೆಲುವಾದ ಗದ್ಯ ಬರುತ್ತಲೇ ಇರಲಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಲವಕುಶರ ಪ್ರಸಂಗಕ್ಕೆ ಕಾದು ಕೂತ ಜನರೂ ಮನೋರಮೆಯ ಕುಲದವರೇ.

ಕೇಳುಗ ಒಪ್ಪದ ಕೊನೆಯನ್ನು ತಿದ್ದಿದ ಜಗಳಗಳೂ ನಮ್ಮಲ್ಲಿವೆ. ಶಂಬೂಕನ ಕಥೆ ಮುಗಿಯುವ ರೀತಿಯನ್ನು ಒಪ್ಪದ ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ಬರೆದರು. ಅಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಕೊಲ್ಲದೆ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಕೊನೆಗೆ ಆತ ತಪಸ್ವಿಗೆ ತಲೆಬಾಗುತ್ತಾನೆ. ಮಾಸ್ತಿಯವರಿಗೆ ಇದು ಸರಿಬರಲಿಲ್ಲ. ಹಳೆಯ ಕಥೆಯನ್ನು ಹೀಗೆ ಬದಲಿಸಬಾರದು ಎಂದು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಕನ್ನಡ ಸಾಹಿತ್ಯದ ಮಹತ್ವದ ಚರ್ಚೆಯೊಂದು ಹಾಗೆ ನಡೆದದ್ದು ಉತ್ತರಕಾಂಡದ ಸುತ್ತಲೇ. ಕುವೆಂಪು ಅವರ ಕೈಯಲ್ಲಿ ಲೇಖನಿಯಿತ್ತು. ಅವರು ಬೇರೆ ಕೊನೆ ಬರೆದರು. ಜಲಂಧರದವರ ಕೈಯಲ್ಲಿ ಇದ್ದದ್ದು ಪೊರಕೆ. ಅವರು ಅದನ್ನು ಕೆಳಗಿಟ್ಟರು.

ಬೇರೆ ದೇಶಗಳಲ್ಲೂ ನೋಡುಗರು, ಓದುಗರು ಕೊನೆಗಳ ಮೇಲೆ ಮುನಿದಿದ್ದಾರೆ. 1893ರಲ್ಲಿ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿದಾಗ ಆ ಕಥೆಗಳು ಬರುತ್ತಿದ್ದ ಪತ್ರಿಕೆಯ ಚಂದಾ ನಿಲ್ಲಿಸಿದವರಿದ್ದರು. ಹತ್ತು ವರ್ಷದ ಬಳಿಕ ಅವನನ್ನು ಬದುಕಿಸಬೇಕಾಯಿತು. 1983ರ ಫೆಬ್ರವರಿ 28ರಂದು ‘ಮ್ಯಾಶ್’ ಧಾರಾವಾಹಿಯ ಕೊನೆಯ ಕಂತನ್ನು ಅಮೆರಿಕದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಕೂತು ನೋಡಿದರು. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಮುಗಿದ ರೀತಿ ಹಿಡಿಸದೆ, ಕೊನೆಯ ಸೀಸನ್ ಮತ್ತೆ ಮಾಡಿ ಎಂಬ ಮನವಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿದ್ದವು, ಏನೂ ಆಗಲಿಲ್ಲ. ನಮ್ಮಲ್ಲಿ 2013ರ ಡಿಸೆಂಬರಿನಲ್ಲಿ ಶುರುವಾದ ‘ಅಗ್ನಿಸಾಕ್ಷಿ’ ಧಾರಾವಾಹಿ 2020ರ ಜನವರಿಯಲ್ಲಿ ಮುಗಿದಾಗ, ಆರು ವರ್ಷ ರಾತ್ರಿ ಊಟದ ಹೊತ್ತಿಗೆ ನಾಯಕಿ ಸನ್ನಿಧಿಯನ್ನು ನೋಡುತ್ತಿದ್ದ ಮನೆಗಳಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸಿದ ಮರುದಿನದ ಬೇಸರವಿತ್ತು. ಆ ಬೇಸರ ನಿಜವಾದದ್ದೇ. ಪ್ರತಿದಿನ ಒಂದೇ ಹೊತ್ತಿಗೆ ಬರುತ್ತಿದ್ದ ಮುಖ ಇನ್ನು ಬಾರದು ಎಂದರೆ ಮನಸ್ಸಿಗೆ ನೋವಾಗುವುದು ಸಹಜ.

ಆದರೆ ಇಲ್ಲೆಲ್ಲ ಜನ ಕೇಳಿದ್ದು ಇನ್ನಷ್ಟು ಬೇಕು ಎಂದು, ಇಲ್ಲವೇ ಚೆನ್ನಾಗಿ ಮುಗಿಸಬೇಕಿತ್ತು ಎಂದು. 1988ರ ಕಾರ್ಮಿಕರ ಪ್ರಶ್ನೆ ಬೇರೆ. ಸರ್ಕಾರಿ ಚಾನೆಲ್ಲು, ಇಡೀ ದೇಶಕ್ಕೆ ಇರುವುದೊಂದೇ ಚಾನೆಲ್ಲು, ಇದು ರಾಷ್ಟ್ರದ ರಾಮಾಯಣ ಎಂಬಂತೆ ತೋರಿಸುತ್ತಿದೆ. ಆ ರಾಷ್ಟ್ರದ ಕಥೆಯಲ್ಲಿ ನಮ್ಮವನೆಲ್ಲಿ? ನೂರಾರು ರಾಮಾಯಣಗಳಿದ್ದ ನಾಡಿನಲ್ಲಿ ಒಂದನ್ನೇ ಎಲ್ಲರ ಮನೆಗೆ ಕಳಿಸುವುದರಲ್ಲಿ ಇರುವ ಅಪಾಯದ ಬಗ್ಗೆ ರೊಮಿಲಾ ಥಾಪರ್ ಅವರಂಥ ಇತಿಹಾಸಕಾರರು ಆಮೇಲೆ ಬರೆದರು. ಅದೇ ಮಾತನ್ನು ಪೌರಕಾರ್ಮಿಕರು ಅವರಿಗಿಂತ ಮೊದಲೇ, ಬೀದಿಯಲ್ಲಿ ನಿಂತು ಹೇಳಿಬಿಟ್ಟಿದ್ದರು. ರಾಮಾಯಣಗಳ ಬಹುತ್ವದ ಬಗ್ಗೆ ಪಾಲಾ ರಿಚ್‌ಮನ್ 1991ರಲ್ಲಿ ಸಂಪಾದಿಸಿದ ಪುಸ್ತಕ ತನ್ನ ಮೊದಲ ಪುಟಗಳಲ್ಲೇ ಈ ಮುಷ್ಕರವನ್ನು ನೆನೆಯುತ್ತದೆ. ನಮ್ಮ ಎ.ಕೆ. ರಾಮಾನುಜನ್ ಅವರ ಮುನ್ನೂರು ರಾಮಾಯಣಗಳ ಕುರಿತ ಹೆಸರಾಂತ ಪ್ರಬಂಧ ಇರುವುದೂ ಅದೇ ಪುಸ್ತಕದಲ್ಲಿ.

ಮುಷ್ಕರ ನಡೆದ ಕಾಲವನ್ನೂ ಗಮನಿಸಿ. ಪಂಜಾಬ್ ಆಗ ರಾಷ್ಟ್ರಪತಿ ಆಳ್ವಿಕೆಯಲ್ಲಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಸ್ವರ್ಣಮಂದಿರದಲ್ಲಿ ಉಗ್ರರ ವಿರುದ್ಧದ ‘ಬ್ಲ್ಯಾಕ್ ಥಂಡರ್’ ಕಾರ್ಯಾಚರಣೆ ಮುಗಿದಿತ್ತು. ಸಂಜೆಯಾದರೆ ಬಾಗಿಲು ಹಾಕಿಕೊಳ್ಳುವ ಊರುಗಳು, ದಿನಾ ಬೆಳಿಗ್ಗೆ ಹೆಣಗಳ ಸುದ್ದಿ. ಅಂಥ ಹೊತ್ತಿನಲ್ಲಿ, ಕೂಲಿ ಕಡಿತವಾಗುವ, ಕೆಲಸವೇ ಹೋಗಬಹುದಾದ ಜನ ಮುಷ್ಕರಕ್ಕೆ ಇಳಿಯುತ್ತಾರೆ. ಕೇಳುತ್ತಿರುವುದು ಸಂಬಳವನ್ನಲ್ಲ, ಕೈಗೆ ಗವಸು, ಕಾಲಿಗೆ ಬೂಟನ್ನೂ ಅಲ್ಲ. ಅವೆಲ್ಲ ಅವರಿಗೆ ಬೇಕೇ ಇದ್ದವು. ಒಣ ಪಾಯಿಖಾನೆ ಬಳಿಸುವುದನ್ನು ಅಪರಾಧವೆನ್ನುವ ಕೇಂದ್ರದ ಕಾಯ್ದೆ ಬರಲು ಇನ್ನೂ ಐದು ವರ್ಷ, 1993ರ ತನಕ ಕಾಯಬೇಕಿತ್ತು. ನಮ್ಮಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದ ಆರಂಭದಲ್ಲೇ ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟರು. ಆ ಧೈರ್ಯ ದೇಶಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಇಷ್ಟೆಲ್ಲ ಕಷ್ಟಗಳ ನಡುವೆ ಆ ಕಾರ್ಮಿಕರು ಕಥೆಗಾಗಿ ಹೋರಾಡಿದ್ದು ಅರಿವುಗೇಡಿತನ ಎಂದು ಕೆಲವರು ಆಗಲೂ ಅಂದಿರಬಹುದು, ಈಗಲೂ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೊಟ್ಟೆಗೆ ಕಷ್ಟವಿದ್ದವನಿಗೆ ಮಾನ ಎರಡನೆಯದು ಎಂದು ತೀರ್ಮಾನಿಸುವ ಅಧಿಕಾರ ಹೊಟ್ಟೆ ತುಂಬಿದವರಿಗಿಲ್ಲ.

‘ಉತ್ತರ ರಾಮಾಯಣ’ ಬಂತು. ಲವನಾಗಿ ಮಯೂರೇಶ್ ಕ್ಷೇತ್ರಮಾಡೆ, ಕುಶನಾಗಿ ಸ್ವಪ್ನಿಲ್ ಜೋಶಿ ಎಂಬ ಇಬ್ಬರು ಪುಟ್ಟ ಹುಡುಗರು ಜುಟ್ಟು ಕಟ್ಟಿಕೊಂಡು, ಕಾವಿ ಉಟ್ಟುಕೊಂಡು ಅಯೋಧ್ಯೆಯಲ್ಲಿ ಹಾಡಿದರು. ತಂದೆಯ ಕಥೆಯನ್ನು ತಂದೆಯ ಮುಂದೆಯೇ ಹಾಡಿ, ತಮ್ಮ ತಾಯಿಗೆ ಆದದ್ದೇನು ಎಂದು ತುಂಬಿದ ಸಭೆಯನ್ನು ಕೇಳುವ ಆ ದೃಶ್ಯ ಸಾಗರರ ಇಡೀ ಕೆಲಸದಲ್ಲೇ ಶ್ರೇಷ್ಠವಾದದ್ದು ಎಂಬುದು ನನ್ನ ಅಭಿಪ್ರಾಯ. ಯುದ್ಧಕಾಂಡದ ಬಾಣಗಳು ಆಕಾಶದಲ್ಲಿ ಢೀ ಕೊಟ್ಟು ಬೀಳುವ ತಂತ್ರ ಇಂದು ಮಕ್ಕಳನ್ನೂ ಬೆರಗುಗೊಳಿಸದು. ಆ ಹಾಡು ಮಾತ್ರ ಇವತ್ತಿಗೂ ಕೇಳಿದವರ ಗಂಟಲು ಕಟ್ಟಿಸುತ್ತದೆ. ರವೀಂದ್ರ ಜೈನ್ ಅವರ ಸಂಗೀತ ಅಲ್ಲಿ ಅಬ್ಬರಿಸುವುದಿಲ್ಲ. ಮಕ್ಕಳ ದನಿಗೆ ಜಾಗ ಬಿಟ್ಟು ಹಿಂದೆ ನಿಲ್ಲುತ್ತದೆ. ಕೇಳುತ್ತ ಕೇಳುತ್ತ ರಾಮನ ಪಾತ್ರಧಾರಿ ಅರುಣ್ ಗೋವಿಲ್ ಮುಖದಲ್ಲಿನ ಆ ಸದಾಕಾಲದ ಮಂದಹಾಸ ಕರಗುತ್ತದೆ. ಇಷ್ಟೂ ನಮಗೆ ದಕ್ಕಿದ್ದು ಮುಷ್ಕರ ಹೂಡಿದವರಿಂದ. ಅವರು ಸುಮ್ಮನಿದ್ದಿದ್ದರೆ ಈ ಹಾಡು ಇರುತ್ತಿರಲಿಲ್ಲ.

ಸಾಗರರು ಅಲ್ಲೂ ಎಚ್ಚರದ ಹೆಜ್ಜೆ ಇಟ್ಟರು. ಅವರ ಸೀತೆಯನ್ನು ರಾಮ ಹೊರಗಟ್ಟುವುದಿಲ್ಲ. ರಾಜಧರ್ಮಕ್ಕೆ ಕುಂದು ಬರಬಾರದೆಂದು ಅವಳೇ ಹೊರಡುವ ನಿರ್ಧಾರ ಮಾಡಿ ರಾಮನನ್ನು ಒಪ್ಪಿಸುತ್ತಾಳೆ. ಅನ್ಯಾಯದ ಭಾರವನ್ನು ಹೀಗೆ ಅನ್ಯಾಯಕ್ಕೊಳಗಾದವಳ ತಲೆಗೇ ಕಟ್ಟಿದ್ದು ನನಗೆ ಸರಿ ಕಾಣುವುದಿಲ್ಲ. ವಾಲ್ಮೀಕಿ ರಾಮನನ್ನು ಇಷ್ಟು ಸುಲಭವಾಗಿ ಪಾರುಮಾಡಿರಲಿಲ್ಲ. ಆದರೂ ಸೀತೆ ಭೂಮಿಗೆ ಸೇರುವಾಗ ದೀಪಿಕಾ ಚಿಖಲಿಯಾ ಕಣ್ಣಲ್ಲಿ ಕಾಣುವ ದಣಿವು ಯಾವ ವ್ಯಾಖ್ಯಾನಕ್ಕೂ ಸಿಗದಂತೆ ಉಳಿದುಬಿಡುತ್ತದೆ. ನಮ್ಮ ಕಡೆ ಆ ಕಂತು ನೋಡಿದ ಹೆಂಗಸರು ರಾಮನಿಗೆ ಬೈದರು. ಪೂಜೆ ಮಾಡಿ ಕೂತವರೇ ಬೈದರು. ಭಕ್ತಿ ಮತ್ತು ಸಿಟ್ಟು ಒಂದೇ ಹಜಾರದಲ್ಲಿ ಒಟ್ಟಿಗೆ ಕೂರಬಲ್ಲವು ಎಂಬುದನ್ನು ಪಟ್ಟಾಭಿಷೇಕಕ್ಕೆ ಮುಗಿದ ಧಾರಾವಾಹಿ ನಮಗೆ ಎಂದೂ ತೋರಿಸುತ್ತಿರಲಿಲ್ಲ.

2020ರ ಮಾರ್ಚ್ 28ರಿಂದ, ಲಾಕ್‌ಡೌನ್ ಬಿಗಿಯಾಗಿದ್ದ ದಿನಗಳಲ್ಲಿ ದೂರದರ್ಶನ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು. ಅದು ಮುಗಿದದ್ದೇ ‘ಉತ್ತರ ರಾಮಾಯಣ’ವೂ ಶುರುವಾಯಿತು, ಯಾರೂ ಕೇಳಬೇಕಾಗಲಿಲ್ಲ, ಈಗ ಅದು ಕಥೆಯ ಸಹಜ ಭಾಗ. ನಾವೆಲ್ಲ ಮನೆಯೊಳಗೆ ಕೂತು ನೋಡುತ್ತಿದ್ದ ಆ ವಾರಗಳಲ್ಲಿ ಹೊರಗೆ ಬೀದಿಗಳಲ್ಲಿ ಕೆಲಸ ನಿಲ್ಲಿಸದೆ ಇದ್ದವರಲ್ಲಿ ಪೌರಕಾರ್ಮಿಕರು ಮೊದಲಿಗರು. ಅವರ ಮೇಲೆ ಹೂವು ಸುರಿದರು, ಚಪ್ಪಾಳೆ ತಟ್ಟಿದರು. ಆ ಕಂತುಗಳು ಯಾರ ಹಠದಿಂದ ಹುಟ್ಟಿದವು ಎಂಬ ಒಂದು ಸಾಲಿನ ಕೃತಜ್ಞತೆಯನ್ನು ಪರದೆಯ ಮೇಲೆ ಹಾಕಿದ್ದರೆ ಹೂವಿಗಿಂತ ಹೆಚ್ಚಿನ ಮರ್ಯಾದೆಯಾಗುತ್ತಿತ್ತು.

1988ರಲ್ಲಿ ಇಪ್ಪತ್ತು, ಮೂವತ್ತರ ಹರೆಯದಲ್ಲಿದ್ದ ಆ ಕಾರ್ಮಿಕರು ಈಗ ಅರವತ್ತು, ಎಪ್ಪತ್ತರ ಆಸುಪಾಸಿನಲ್ಲಿರುತ್ತಾರೆ. ಭಾರತದ ಟಿವಿಯ ಚರಿತ್ರೆ ಬರೆಯುವವರು ಧಾರಾವಾಹಿಯ ಚಿತ್ರೀಕರಣ ನಡೆದ ಉಂಬರ್ಗಾಂವ್‌ನ ಸ್ಟುಡಿಯೊಗೆ ಹೋಗಿ ನಟರನ್ನು, ತಂತ್ರಜ್ಞರನ್ನು ಮಾತಾಡಿಸುತ್ತಾರೆ; ಅದು ಆಗಬೇಕಾದ ಕೆಲಸವೇ. ಜೊತೆಗೆ ಜಲಂಧರದ ವಾಲ್ಮೀಕಿ ಮೊಹಲ್ಲಾಗಳಿಗೂ ಯಾರಾದರೂ ರೆಕಾರ್ಡರ್ ಹಿಡಿದು ಹೋಗಬೇಕು. ಪೊರಕೆ ಕೆಳಗಿಡೋಣ ಎಂದು ಮೊದಲು ಹೇಳಿದವರು ಯಾರು, ಎಷ್ಟು ದಿನದ ಕೂಲಿ ಹೋಯಿತು, ಮನೆಯಲ್ಲಿ ಹೆಂಗಸರು ಏನಂದರು, ವಾಲ್ಮೀಕಿ ಸೀತೆಯನ್ನು ಕರೆದುಕೊಂಡು ಸಭೆಗೆ ಬಂದ ಆ ರಾತ್ರಿಯನ್ನೋ ಬೆಳಗನ್ನೋ ಅವರು ಯಾರ ಮನೆಯ ಟಿವಿಯಲ್ಲಿ ನೋಡಿದರು, ಒಳಗೆ ಕೂತು ನೋಡಿದರೋ ಹೊರಗೆ ನಿಂತೋ ಎಂದು ಕೇಳಿ ಬರೆದುಕೊಳ್ಳಬೇಕು. ಹೇಳಬಲ್ಲವರು ಇನ್ನೂ ಇರುವಾಗಲೇ ಹೋಗಬೇಕು.